ಕಾಲುವೆ ದಂಡೆಯ ಜೇಕು

ಮ್ಯಾಕಲ್ಸ್‌ಫೀಲ್ಡಿನ ಔಷಧ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ, ಶನಿವಾರಗಳಂದು ನಾನು ಮ್ಯಾಂಚೆಸ್ಟರಿನ ಒಂದು ವಸ್ತುಸಂಗ್ರಹಾಲಯಕ್ಕೆ ಹೋಗಿ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿಕೊಡುತ್ತಿದ್ದೆ. ಸಂಬಳವಿಲ್ಲದ ಕೆಲಸ. ಪಕ್ಕದ ಮೇಜಿನಲ್ಲಿ ನನ್ನಂತೆಯೇ ಸಂಬಳವಿಲ್ಲದೆ ಕೂರುತ್ತಿದ್ದವಳು ಸ್ಪೇನಿನ ಸಸ್ಯವಿಜ್ಞಾನಿ. ಅವಳ ತಾಯಿ ಕಡಲೂರೊಂದರಲ್ಲಿ ಹೋಟೆಲಿನ ಕೋಣೆಗಳನ್ನು ಗುಡಿಸಿ ಮಗಳನ್ನು ಓದಿಸಿದ್ದಳು. ಜೇಕು ಎಂಬ ಹುಲ್ಲಿನಂಥ ಗಿಡದ ಜಾತಿಗಳ ಮೇಲೆ ಡಾಕ್ಟರೇಟ್ ಮಾಡಿದರೂ ತನ್ನ ದೇಶದಲ್ಲಿ ಕೆಲಸ ಸಿಗದೆ, ಇಲ್ಲಿಗೆ ಬಂದು ಫಾಲೋಫೀಲ್ಡ್ ಬಡಾವಣೆಯ ಕೆಫೆಯಲ್ಲಿ ತಟ್ಟೆ ತೊಳೆಯುತ್ತಿದ್ದಳು. ಸಂಗ್ರಹಾಲಯದ ಕೆಲಸಕ್ಕೆ ಒಮ್ಮೆ ಅರ್ಜಿ ಹಾಕಿದಾಗ ಸಂದರ್ಶನಕ್ಕೂ ಕರೆದಿರಲಿಲ್ಲ.

"ನಿಮ್ಮೂರಲ್ಲಿ ಜೇಕು ಇದೆಯಾ?" ಎಂದು ಮೊದಲ ದಿನವೇ ಕೇಳಿದಳು.

"ಧಾರವಾಡದ ಕಡೆ ಅದನ್ನ ಹೊಲದಿಂದ ಕಿತ್ತು ಕಿತ್ತು ಸಾಕಾಗುತ್ತೆ" ಎಂದೆ. ಅವಳು ನಗಲಿಲ್ಲ. ಅದರ ಗಡ್ಡೆ ಹೇಗಿರುತ್ತದೆ, ವಾಸನೆ ಎಂಥದು ಎಂದು ಅರ್ಧ ಗಂಟೆ ವಿಚಾರಿಸಿದಳು.

ಒಂದು ಜೂನ್‌ನಲ್ಲಿ ಊಟಕ್ಕೆಂದು ನಮ್ಮ ಮನೆಗೆ ಬಂದವಳು, ಹಿತ್ತಲಾಚೆಯ ಕಾಲುವೆ ದಂಡೆಯಲ್ಲಿ ನಡೆಯುತ್ತಿದ್ದಾಗ ಕೆಸರಿನಲ್ಲೇ ಮಂಡಿಯೂರಿದಳು. ಈ ಸೀಮೆಯಿಂದ ಎಂದೋ ಮಾಯವಾಯಿತೆಂದು ಪಟ್ಟಿಯಲ್ಲಿ ಬರೆದಿದ್ದ ಜೇಕು ಅದು ಎಂದು ಅವಳಿಗೆ ಅನ್ನಿಸಿತು. ಇಲ್ಲಿಯ ಗಿಡಗಳ ಲೆಕ್ಕವಿಡುವ ಹಿರಿಯರೊಬ್ಬರಿಗೆ ಫೋಟೋ ಕಳಿಸಿದಳು. "ಇದು ಮಾಮೂಲಿ ಜಾತಿ, ಹೊಸಬರಿಗೆ ಗೊತ್ತಾಗುವುದಿಲ್ಲ" ಎಂದು ಉತ್ತರ ಬಂತು.

"ಕಾಯಿ ಬಲಿಯಲಿ, ಅದನ್ನ ನೋಡಿಯೇ ಜಾತಿ ಗುರುತಿಸೋದು, ಆಗ ಯಾರಿಗೂ ಅನುಮಾನ ಇರಲ್ಲ" ಎಂದಳು.

ಆದರೆ ದಂಡೆಯ ಹುಲ್ಲು ಕತ್ತರಿಸುವವರು ಯಾವಾಗ ಬೇಕಾದರೂ ಬರಬಹುದಿತ್ತು. ನಾನು ಮಧ್ಯಾಹ್ನದ ಶಿಫ್ಟ್ ಕೇಳಿ ಪಡೆದು ಬೆಳಿಗ್ಗೆಯೆಲ್ಲ ಕಾವಲು ನಿಂತೆ. ಇಲ್ಲಿ ಜಿಪಿ, ಅಂದರೆ ಸಾಮಾನ್ಯ ವೈದ್ಯರಾಗಿದ್ದ ನನ್ನ ಗಂಡ, "ಹುಲ್ಲು ಕಾಯಾಕ ಶಿಫ್ಟ್ ಬದಲಿ ಮಾಡಿಸ್ಕೊಂಡಿಯೇನ? ಊರಾಗ ಕೇಳಿದ್ರ ನಗ್ತಾರ" ಎಂದು ಛೇಡಿಸಿದರು. ಕೊನೆಗೊಂದು ದಿನ ಯಂತ್ರ ಹೊತ್ತು ಇಬ್ಬರು ಬಂದೇಬಿಟ್ಟರು. ಅಡ್ಡ ನಿಂತು ವಿಷಯ ಹೇಳಿದೆ. ಅವರಲ್ಲಿ ವಯಸ್ಸಾದವನು ಬಗ್ಗಿ ನೋಡಿ, "ಇಷ್ಟಗಲ ಬಿಟ್ಟರೆ ಸಾಕಾ?" ಎಂದು ತಾನೇ ನಾಲ್ಕು ಕಡ್ಡಿ ನೆಟ್ಟು ಹೋದ.

ಕಾಯಿ ಬಲಿತ ವಾರ ಆ ಹಿರಿಯರು ಖುದ್ದಾಗಿ ಬಂದರು. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಅವಳು ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

"ನಾನು ಹೇಳಿದ್ದು ತಪ್ಪು. ನಿನ್ನದೇ ಸರಿ" ಎಂದರು. "ಎಷ್ಟು ವರ್ಷ ಈ ದಾರಿಯಲ್ಲಿ ನಡೆದಿದ್ದೇನೆ, ನನ್ನ ಕಣ್ಣಿಗೆ ಬಿದ್ದಿಲ್ಲ."

ಅವಳು ಕಿರುಚಿ ನನ್ನನ್ನು ತಬ್ಬಿಕೊಂಡ ರಭಸಕ್ಕೆ ಇಬ್ಬರೂ ಕೆಸರಿಗೆ ಬಿದ್ದೆವು. ಅಲ್ಲಿಂದಲೇ ತಾಯಿಗೆ ಫೋನ್ ಮಾಡಿದಳು. ನನಗೆ ಸ್ಪ್ಯಾನಿಷ್ ಬಾರದು, ಆದರೆ ಆ ಕಡೆಯಿಂದ ಬಂದ ಕೂಗಿಗೆ ಅರ್ಥ ಹೇಳಬೇಕಿರಲಿಲ್ಲ.

ಮುಂದಿನ ವರ್ಷ ಸಂಗ್ರಹಾಲಯದಲ್ಲಿ ಸಸ್ಯವಿಭಾಗ ನೋಡಿಕೊಳ್ಳುವ ಹುದ್ದೆ ಖಾಲಿಯಾಯಿತು. ಆ ಹಿರಿಯರೇ ಶಿಫಾರಸು ಪತ್ರ ಬರೆದರು. ಸಂದರ್ಶನದ ದಿನ ನಾನು ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದೆ. ಫೋನ್ ಬಂತು.

"ಸಿಕ್ಕಿತು! ಪರ್ಮನೆಂಟ್!"

ನಾನು ಎದ್ದು ನಿಂತು, "ನಮ್ಮ ಹುಡುಗಿ ಗೆದ್ದಳು!" ಎಂದು ಕನ್ನಡದಲ್ಲೇ ಕೂಗಿದೆ. ಯಾರಿಗೂ ಏನೂ ತಿಳಿಯಲಿಲ್ಲ. ಆದರೂ ಇಡೀ ಕ್ಯಾಂಟೀನು ಚಪ್ಪಾಳೆ ತಟ್ಟಿತು.