ಅಕ್ಕನ ಹರಕೆ, ನನ್ನ ಒಂದು ಮಾತು

ದೇವನಹಳ್ಳಿ ಹತ್ತಿರದ ವಿಜಯಪುರದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಅಕ್ಕನಿಗೆ ಬೇರೆಯದೇ ಒಂದು ಗೂಡಿದೆ. ಅಕ್ಕ ಎಂದರೆ ನನ್ನ ಓರಗಿತ್ತಿ, ಭಾವನವರ ಹೆಂಡತಿ. ಅದರಲ್ಲಿ ಅವಳದೊಂದು ಪಾತ್ರೆ, ಒಂದು ಸೌಟು, ಒಂದು ತಟ್ಟೆ. ಬಾಡು ಬೇಯಿಸಿದ ಪಾತ್ರೆ ಅದರ ಹತ್ತಿರ ಸುಳಿಯುವಂತಿಲ್ಲ.

ಭಾವನವರು ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಅವಳು ಅವರು ಉಳಿಯಲೆಂದು ಹರಕೆ ಹೊತ್ತು ಮಾಂಸ, ಮೊಟ್ಟೆ ಬಿಟ್ಟಳು. ಹರಕೆಗೆ ಬಿಡುವುದಾದರೆ ತೀರಾ ಇಷ್ಟವಾದದ್ದನ್ನೇ ಬಿಡಬೇಕು ಅನ್ನುತ್ತಾರೆ ನಮ್ಮಲ್ಲಿ. ಅವಳಿಗೆ ಬಾಡಿಗಿಂತ ಮೊಸರಿನ ಆಸೆ ಹೆಚ್ಚು. ಹಾಗಾಗಿ ಹಾಲು ಮೊಸರೂ ಹೋಯಿತು. ಭಾವನವರು ಎದ್ದು ಓಡಾಡತೊಡಗಿ ವರ್ಷಗಳೇ ಕಳೆದರೂ ಅವಳು ಮತ್ತೆ ಮುಟ್ಟಲಿಲ್ಲ.

ಅಂದಿನಿಂದ ಪಿತೃಪಕ್ಷದಲ್ಲಿ ಹಿರಿಯರ ಎಡೆಯ ಮುಂದೆ ದೀಪ ಹಚ್ಚುವವಳು ಅವಳೇ. ಬೆಳಗಿನಿಂದ ಒಲೆಯ ಮುಂದೆ ಬೆವರಿಳಿಸುವವಳು ನಾನು. "ಅವಳ ಕೈಲಿ ಹಚ್ಚಿದ್ರೇನೇ ಹಿರೇರಿಗೆ ಮುಟ್ಟೋದು ಕಣಮ್ಮಿ," ಎಂದು ಅತ್ತೆ ಅಂದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು.

ಹೋದ ವರ್ಷ ಒಂದು ಬೆಳಿಗ್ಗೆ ಹುರುಳಿಕಾಯಿ ಹೆಚ್ಚುತ್ತಿದ್ದಾಗ ಅವಳ ಕೈಯಿಂದ ಚಾಕು ಜಾರಿತು. ಎತ್ತಿಕೊಳ್ಳಲು ಹೋದರೆ ಬಲಗೈ ಮಾತು ಕೇಳಲಿಲ್ಲ, ನಾಲಿಗೆ ತೊದಲಿತು. ಕೂಡಲೇ ದೇವನಹಳ್ಳಿಯ ಆಸ್ಪತ್ರೆಗೆ ಓಡಿದೆವು. ನಾಲ್ಕು ದಿನಕ್ಕೆ ಕೈ ಹೆಚ್ಚುಕಡಿಮೆ ಸರಿಹೋಯಿತು. ರಕ್ತಪರೀಕ್ಷೆ ನೋಡಿದ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಹೇಳಿದರು:

"ಹೋಮೋಸಿಸ್ಟೀನ್ ಅನ್ನೋದು ಇವರ ರಕ್ತದಲ್ಲಿ ತುಂಬಾ ಏರಿದೆ. ಬಿ12 ವಿಟಮಿನ್ ಸಾಕಷ್ಟಿದ್ರೆ ದೇಹ ಅದನ್ನ ಬೇರೆ ಕೆಲಸಕ್ಕೆ ಬಳಸ್ಕೊಳ್ಳುತ್ತೆ. ಬಿ12 ಸಿಗೋದು ಹಾಲು, ಮೊಟ್ಟೆ, ಮಾಂಸದಲ್ಲಿ, ಇವರು ಅದ್ಯಾವುದೂ ಮುಟ್ಟಲ್ಲ. ಆ ಹೋಮೋಸಿಸ್ಟೀನ್ ಹಂಗೇ ಉಳ್ಕೊಂಡು ಮೆದುಳಿನ ರಕ್ತನಾಳದ ಒಳಗೋಡೆ ಕೆಡಿಸುತ್ತೆ. ಕೆಟ್ಟ ಗೋಡೆ ಇದ್ದ ಕಡೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯೋದು ಸುಲಭ. ಬಿಪಿನೂ ಇದೆ, ಇದೊಂದೇ ಕಾರಣ ಅನ್ನಕ್ಕಾಗಲ್ಲ. ಎರಡಕ್ಕೂ ಮಾತ್ರೆ ತಪ್ಪಿಸಬೇಡಿ."

ಸುಳ್ಳೇಕೆ ಹೇಳಲಿ, ಆಗ ನನಗೆ ಒಳಗೊಳಗೇ ಸಮಾಧಾನವಾಯಿತು. ಹರಕೆಯ ಹೆಚ್ಚುಗಾರಿಕೆ ಇಷ್ಟೇ ತಾನೇ! ಆದರೆ ಮನೆಗೆ ಬಂದರೆ ಎಳನೀರು ಹಿಡಿದು ಸಾಲುಸಾಲು ಜನ. "ಗಂಡನಿಗೋಸ್ಕರ ಜೀವಾನೇ ಸವೆಸವ್ಳೆ" ಎಂದು ಹೊಗಳಿಕೆ. ಬಂದವರಿಗೆಲ್ಲ ಕಾಫಿ ಕಾಯಿಸಿ ಕೊಟ್ಟವಳು ನಾನು.

ಆ ಸಂಜೆ ಕೆಂಪು ಬಿ12 ಕ್ಯಾಪ್ಸೂಲ್ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಅಕ್ಕ ಕೇಳಿದಳು: "ಇದರಲ್ಲಿ ಬಾಡಿಂದೇನೂ ಇಲ್ಲ ತಾನೆ?"

"ಮೇಲಿನ ಸಿಪ್ಪೇನ ಪ್ರಾಣಿಗಳ ಮೂಳೆ ಚರ್ಮ ಬೇಯಿಸಿ ಮಾಡ್ತಾರಂತೆ ಕಣಕ್ಕ. ಹರಕೆ ಗಿರಕೆ ಇನ್ನೆಲ್ಲಿ ಬಂತು, ನುಂಗು," ಅಂದೆ.

ಫೋನಿನಲ್ಲಿ ಎಲ್ಲೋ ಓದಿದ್ದೆ. ಅವಳ ಮಾತ್ರೆಯದೂ ಹಾಗೆಯೇ ಎಂದು ಗೊತ್ತಿರಲಿಲ್ಲ. ಅವಳ ಹರಕೆ ಮುರಿಯುವುದನ್ನು ನೋಡುವ ಆಸೆ, ಅಷ್ಟೇ. ಅವಳು ನೀರು ಕುಡಿದಳು.

ಎಂಟು ದಿನದ ಮೇಲೆ ಬಚ್ಚಲು ತಿಕ್ಕುವಾಗ ಮೋರಿಯ ಬಾಯಲ್ಲಿ ಕೆಂಪಗೆ ಕರಗಿದ ಅಂಟು ಕಂಡಿತು, ಅದರೊಳಗೆ ಅರ್ಧ ಉಳಿದ ಮಾತ್ರೆಗಳು. ಅವಳು ನುಂಗಿರಲೇ ಇಲ್ಲ. ಹಿಂದಿನ ದಿನವಷ್ಟೇ ಅವಳು ಸೌಟು ಕೇಳಲು ಹೋಗಿ ಆ ಹೆಸರೇ ಬಾರದೆ "ಅದು... ಅದು" ಎಂದು ಕೈ ತಿರುಗಿಸಿದ್ದಳು. ಕೈ ತೊಳೆಯದೆಯೇ ಒಳಗೆ ಹೋದೆ.

"ಅಕ್ಕ, ಅವತ್ತು ಹೊಟ್ಟೆಕಿಚ್ಚಿಗೆ ಹಂಗಂದೆ. ನಿನ್ ಮಾತ್ರೆ ಯಾವುದರದ್ದೋ ನಂಗೆ ಗೊತ್ತೇ ಇಲ್ಲ."

ಅವಳು ನನ್ನತ್ತ ತಿರುಗಿದಳು. "ಹೊಟ್ಟೆಕಿಚ್ಚು ನಿಂಗಾ? ನೀನು ಅನ್ನಕ್ಕೆ ಮೊಸರು ಕಲಸ್ಕೊಂಡು ಬೆರಳು ನೆಕ್ಕೋದ ನೋಡ್ಕೊಂಡು ಆರು ವರ್ಷದಿಂದ ನಾನು ಸಾಯ್ತಿದೀನಲ್ಲೇ, ಮುಂಡೇದೇ!"

ಆಗಲೇ ಸಿಕ್ಕ ಬಸ್ಸಿಗೆ ದೇವನಹಳ್ಳಿಗೆ ಹೊರಟೆವು. ಡಾಕ್ಟರಮ್ಮ ಮೊದಲು ಅವಳ ಕೈಕಾಲು, ಮಾತು ಎಲ್ಲ ಪರೀಕ್ಷಿಸಿದರು. ಹೊಸದಾಗಿ ಏನೂ ಆಗಿರಲಿಲ್ಲ. ಆಮೇಲೆ ನನ್ನನ್ನು ಚೆನ್ನಾಗಿ ಬೈದು, "ಸೂಜಿಮದ್ದು ಕೊಡ್ತೀನಿ, ಅದರಲ್ಲಿ ಯಾವ ಪ್ರಾಣೀದೂ ಇಲ್ಲ" ಎಂದು ಅಲ್ಲೇ ಚುಚ್ಚಿಸಿದರು.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಇದ್ದಕ್ಕಿದ್ದಂಗೆ ಯಾಕ್ರೇ ಹೋಗಿದ್ರಿ?"

ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ. ಅಕ್ಕನೇ ಮುಂದೆ ಬಂದು, "ಮಾತ್ರೆ ಒಗ್ಗಲಿಲ್ಲ ಕಣತ್ತೆ. ಇವಳೇ ನೋಡಿ ಕರ್ಕೊಂಡೋದ್ಲು" ಅಂದಳು.

ನನ್ನ ತಪ್ಪನ್ನೂ ಮುಚ್ಚಿ ದೊಡ್ಡವಳಾಗಿಬಿಟ್ಟಳಲ್ಲ ಎಂದು ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.