ದೊಡ್ಡ ಹಾಳೆಯ ಪ್ರಿಂಟರು

ನಮ್ಮ ಶಾಲೆಗೆ ಹೊಸ ಕಂಪ್ಯೂಟರುಗಳು ಬಂದ ದಿನ ಎಲ್ಲರೂ ಪೇಢೆ ತಿಂದೆವು. ಮರುದಿನ ಒಂದು ಹಾಳೆಯೂ ಪ್ರಿಂಟಾಗಲಿಲ್ಲ.

ಶಾಲೆ ಇರುವುದು ಕಮಲಾಪುರದಲ್ಲಿ, ನಾನಿರುವುದು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ. ದಿನವೂ ಬಸ್ಸಿನಲ್ಲಿ ಓಡಾಟ. ಗಣಿತ ಕಲಿಸುವುದು ನನ್ನ ನೌಕರಿ. ಕಂಪ್ಯೂಟರು, ಪ್ರಿಂಟರು ಕೆಟ್ಟರೆ ನೋಡುವುದು ನಾನಾಗಿಯೇ ಮೈಮೇಲೆ ಎಳೆದುಕೊಂಡ ಕೆಲಸ. ಗೊತ್ತಿಲ್ಲದವರು ಸಿಕ್ಕಸಿಕ್ಕ ಗುಂಡಿ ಒತ್ತುವುದನ್ನು ನೋಡುತ್ತ ನಿಲ್ಲುವಷ್ಟು ತಾಳ್ಮೆಯನ್ನು ದೇವರು ನನಗೆ ಕೊಟ್ಟಿಲ್ಲ. ಸರಿಸಿ ನಾನೇ ಕೂತುಬಿಡುತ್ತೇನೆ.

ಪ್ರಿಂಟರು ಬಹಳ ಹಳೆಯದು. ಯಾವುದೋ ಕಚೇರಿಯವರು ತಮಗೆ ಬೇಡವಾದಾಗ ಶಾಲೆಗೆ ಕೊಟ್ಟದ್ದು. ಗುಮಾಸ್ತರ ಕೋಣೆಯಲ್ಲಿ ಕುಳಿತು ಎಲ್ಲ ಕೋಣೆಗಳ ಕೆಲಸವನ್ನೂ ಮಾಡಿಕೊಡುತ್ತಿತ್ತು. ಅದಕ್ಕೆ ಎರಡು ಟ್ರೇ: ಮೇಲಿನದು ಸಾಮಾನ್ಯ ಹಾಳೆಗೆ, ಕೆಳಗಿನದು ಅದರ ಎರಡರಷ್ಟು ದೊಡ್ಡ ಹಾಳೆಗೆ. ಆ ದೊಡ್ಡ ಹಾಳೆ ಬೇಕಾಗಿದ್ದದ್ದು ಇಡೀ ಶಾಲೆಯಲ್ಲಿ ಒಬ್ಬಳಿಗೆ ಮಾತ್ರ.

ಅವಳು ಒಂಬತ್ತನೆಯ ತರಗತಿಯ ಹುಡುಗಿ. ಕಣ್ಣು ಬಹಳ ಮಂದ. ಅಕ್ಷರ ಹೆಬ್ಬೆರಳಿನ ಉಗುರಿನಷ್ಟಿದ್ದರೆ ಹಾಳೆಗೆ ಮೂಗು ತಾಗಿಸಿ ಓದುತ್ತಾಳೆ, ಅದಕ್ಕಿಂತ ಸಣ್ಣದು ಕಾಣುವುದಿಲ್ಲ. ಹೋದ ವರ್ಷದವರೆಗೆ ಪರೀಕ್ಷೆಯಲ್ಲಿ ಯಾರಾದರೂ ಪಕ್ಕದಲ್ಲಿ ಕುಳಿತು ಪ್ರಶ್ನೆ ಓದಿ ಹೇಳುತ್ತಿದ್ದರು. ಈ ಅರ್ಧವಾರ್ಷಿಕ ಪರೀಕ್ಷೆಯಿಂದ ಪ್ರಶ್ನೆಪತ್ರಿಕೆಯನ್ನು ದೊಡ್ಡ ಅಕ್ಷರದಲ್ಲಿ ತೆಗೆದುಕೊಡುತ್ತೇನೆಂದು ನಾನು ಅವಳಿಗೆ ಮಾತು ಕೊಟ್ಟಿದ್ದೆ. ಸೋಮವಾರ ಮೊದಲ ಪತ್ರಿಕೆಯೇ ಗಣಿತ. ಉಳಿದವರ ಪತ್ರಿಕೆಗಳು ಹೊಸ ಕಂಪ್ಯೂಟರು ಬರುವ ಮೊದಲೇ ಅಚ್ಚಾಗಿದ್ದವು, ಅವಳದೊಂದೇ ಉಳಿದಿತ್ತು. ಶನಿವಾರವಾದರೂ ಪ್ರಿಂಟರು ಉಸಿರೆತ್ತಲಿಲ್ಲ.

ಹೆಡ್‌ಮಾಸ್ತರರು ಒಳ್ಳೆಯವರು, ಅವಸರದವರು. ಇದೊಂದು ಸಲ ಮೊದಲಿನ ಹಾಗೆ ಯಾರಾದರೂ ಓದಿ ಹೇಳಲಿ ಎಂದರು. ಪತ್ರಿಕೆಯನ್ನು ಹೊರಗಿನ ಝೆರಾಕ್ಸ್ ಅಂಗಡಿಗೆ ಕಳಿಸಲು ಅವರು ಒಪ್ಪಲಿಲ್ಲ, ನಾನೂ ಒಪ್ಪುತ್ತಿರಲಿಲ್ಲ. ಈ ಸುದ್ದಿ ಹೇಗೋ ಹುಡುಗಿಯ ಕಿವಿಗೆ ಬಿತ್ತು. ಶಾಲೆ ಬಿಟ್ಟ ಮೇಲೆ ಬಾಗಿಲಲ್ಲಿ ಬಂದು ನಿಂತಳು.

"ಓದಿ ಹೇಳೋರು ಎಲ್ಲಿ ನಿಂದರ್ತಾರ, ನಾನೂ ಅಲ್ಲೇ ನಿಂದರಬೇಕ್ರಿ ಮೇಡಮ್. ಮತ್ತೊಮ್ಮಿ ಓದ್ರಿ ಅಂತ ಎಷ್ಟ್ ಸಲ ಕೇಳಲಿ? ನಾನೇ ಓದ್ಕೋತೀನ್ರಿ."

ಸೋಮವಾರ ನೀನೇ ಓದುತ್ತೀ, ಮನೆಗೆ ಹೋಗಿ ಅಭ್ಯಾಸ ಮಾಡು ಎಂದೆ. ಹೇಗೆಂದು ನನಗಿನ್ನೂ ಗೊತ್ತಿರಲಿಲ್ಲ, ಆದರೆ ಆಗುತ್ತದೆಂಬುದರಲ್ಲಿ ಅನುಮಾನವಿರಲಿಲ್ಲ.

ಕಲಬುರಗಿಗೆ ಮರಳಿದವಳು ಪ್ರಿಂಟರ್ ರಿಪೇರಿ ಅಂಗಡಿಗೆ ಹೋಗಿ ವಿಚಾರಿಸಿದೆ. ಹೊಸ ಕಂಪ್ಯೂಟರಿಗೆ ಅಷ್ಟು ಹಳೆಯ ಪ್ರಿಂಟರಿನ ಡ್ರೈವರ್, ಅಂದರೆ ಅದನ್ನು ನಡೆಸುವ ತಂತ್ರಾಂಶ, ಸಿಗುವುದಿಲ್ಲ, ಗುಜರಿಗೆ ಹಾಕಿ ಹೊಸದು ತೆಗೆದುಕೊಳ್ಳಿ ಎಂದು ಅಂಗಡಿಯವನು ತಲೆ ಎತ್ತದೆ ಹೇಳಿದ. ನನ್ನ ಪಿತ್ತ ನೆತ್ತಿಗೇರಿತು. ನಮ್ಮ ಮನೆಯ ಕುಕ್ಕರು ಅದಕ್ಕಿಂತ ಹಳೆಯದು, ಇವತ್ತಿಗೂ ಸೀಟಿ ಹೊಡೆಯುತ್ತದೆ, ಅದನ್ನೂ ಗುಜರಿಗೆ ಹಾಕಲೇನು ಎಂದು ಕೇಳಿ ಹೊರಬಂದೆ.

ಭಾನುವಾರ ಬೆಳಿಗ್ಗೆಯ ಬಸ್ಸಿಗೇ ಕಮಲಾಪುರಕ್ಕೆ ಹೋದೆ. ಗುಮಾಸ್ತರು ಬಂದು ಬೀಗ ತೆಗೆದರು. ಅದೇ ಊರಿನ ಕಿರಾಣಿ ವ್ಯಾಪಾರದ ಮನೆತನದವರು, ಹಣೆಯ ವಿಭೂತಿ ಸಂಜೆಯವರೆಗೂ ಮಾಸದ ಮನುಷ್ಯ. ಹೊಸ ಕಂಪ್ಯೂಟರುಗಳಿಗೆ ಪೂಜೆ ಮಾಡಿದವರೂ ಅವರೇ.

ಕುಳಿತು ನೋಡಿದಾಗ ಸಂಗತಿ ತಿಳಿಯಿತು. ಇಷ್ಟು ವರ್ಷ ಒಂದು ಹಳೆಯ ಕಂಪ್ಯೂಟರು ನಡುವೆ ದಲ್ಲಾಳಿಯಾಗಿ ನಿಂತಿತ್ತು. ಎಲ್ಲರ ಕೆಲಸವನ್ನೂ ಅದೇ ತೆಗೆದುಕೊಂಡು ಪ್ರಿಂಟರಿಗೆ ಕೊಡುತ್ತಿತ್ತು. ಹೊಸವು ಬಂದ ಕೂಡಲೇ ಅದನ್ನು ಸ್ಟೋರ್ ರೂಮಿಗೆ ಹಾಕಿದ್ದೆವು, ಈಗ ಹಚ್ಚಿದರೆ ಅದು ಏಳಲೇ ಇಲ್ಲ. ಇನ್ನು ನೇರ ವ್ಯವಹಾರವೇ ಆಗಬೇಕು. ಪ್ರಿಂಟರಿನ ಹಿಂದೆ ಧೂಳು ತುಂಬಿದ ನೆಟ್‌ವರ್ಕ್ ಕಿಂಡಿಯೊಂದಿತ್ತು. ಅಲ್ಲಿಗೆ ತಂತಿ ಎಳೆದು ಸಿಕ್ಕಿಸಿದೆ. ಪ್ರಿಂಟರಿನ ಗುಂಡಿ ಒತ್ತಿ ಹಿಡಿದಾಗ ಅದು ತನ್ನ ನೆಟ್‌ವರ್ಕ್ ವಿಳಾಸವನ್ನು ತಾನೇ ಅಚ್ಚು ಹಾಕಿ ಕೊಟ್ಟಿತು. ಅದನ್ನು ಹೊಸ ಕಂಪ್ಯೂಟರಿಗೆ ಕೊಟ್ಟೆ. ಡ್ರೈವರಿನ ಪಟ್ಟಿಯಲ್ಲಿ ನಮ್ಮ ಪ್ರಿಂಟರಿನ ಹೆಸರಿರಲಿಲ್ಲ, ಅದರ ವಾರಿಗೆಯ ಇನ್ನೊಂದರದ್ದಿತ್ತು. ಅದನ್ನೇ ಆರಿಸಿದೆ.

ಪ್ರಿಂಟರು ಗುಡುಗುಡು ಎಂದು ಎದ್ದು ಹಾಳೆಯ ಮೇಲೆ ಹಾಳೆ ಉಗುಳತೊಡಗಿತು. ಹಾಳೆಗಳ ತುಂಬ ಅರ್ಥವಿಲ್ಲದ ಚಿಹ್ನೆಗಳು. ಗುಮಾಸ್ತರು ಹೌಹಾರಿ ಪ್ಲಗ್ಗನ್ನೇ ಕಿತ್ತರು. ನನಗೆ ಮಾತ್ರ ಖುಷಿಯೇ ಆಯಿತು. ಏನೋ ಒಂದು ಬಡಬಡಿಸುತ್ತಿದೆಯೆಂದರೆ ಮಾತು ಅದಕ್ಕೆ ಮುಟ್ಟಿದೆ, ಭಾಷೆಯಷ್ಟೇ ಬೇರೆ. ಡ್ರೈವರ್ ಬದಲಿಸಿ ಮತ್ತೆ ಕೊಟ್ಟೆ. ಈ ಸಲ ಸ್ವಚ್ಛ ಕನ್ನಡ ಬಂತು.

ಆದರೆ ಅದು ಸಣ್ಣ ಹಾಳೆ. ದೊಡ್ಡದು ಕೇಳಿದರೆ ಕೆಳಗಿನ ಟ್ರೇ ಖಾಲಿ ಎನ್ನುತ್ತಿತ್ತು. ನಾನೇ ಕೈಯಾರೆ ಒಂದು ಕಟ್ಟು ತುಂಬಿದ್ದೆ. ಸೆಟ್ಟಿಂಗಿನಲ್ಲಿ ಹಾಳೆಯ ಅಳತೆ ತಿದ್ದಿದೆ, ಟ್ರೇ ಇದೆಯೆಂದು ಗುರುತು ಹಾಕಿದೆ, ಡ್ರೈವರನ್ನು ತೆಗೆದು ಮತ್ತೆ ಹಾಕಿದೆ. ಖಾಲಿ ಎಂದರೆ ಖಾಲಿ. ಊಟದ ಹೊತ್ತು ಮೀರಿತು. ಹುಡುಗಿಗೆ ಏನು ಮುಖ ತೋರಿಸಲಿ ಎಂಬ ಯೋಚನೆ ಆಗ ಮೊದಲ ಸಲ ಬಂತು, ಬಂದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಕೆಳಗಿನ ಟ್ರೇಯನ್ನು ಪೂರ್ತಿ ಹೊರಗೆಳೆದು ಹಾಳೆ ಎತ್ತಿದೆ.

ತಳದ ಮೂಲೆಯಲ್ಲಿ ಒಣಗಿದ ವೀಳ್ಯದೆಲೆ, ಅರಿಶಿನ ಹಚ್ಚಿದ ಅಕ್ಕಿಕಾಳು. ಹಾಳೆಯನ್ನು ಮೇಲಕ್ಕೆತ್ತುವ ತಗಡಿನ ಸಂದಿಯಲ್ಲಿ ಒಂದು ಗಟ್ಟಿ ಬೆಟ್ಟಡಿಕೆ. ತಗಡು ಮೇಲೇಳದೆ ಪ್ರಿಂಟರಿಗೆ ಹಾಳೆ ಸಿಗುತ್ತಿರಲಿಲ್ಲ.

ಗುಮಾಸ್ತರ ಕಡೆ ನೋಡಿದೆ.

"ಹೊಸಾವಕ್ಕೆಲ್ಲಾ ಪೂಜಿ ಮಾಡಿ ಹಳೇದಕ್ಕ ಬಿಟ್ರ ಹ್ಯಾಂಗ್ರಿ ಮೇಡಮ್?" ಎಂದರು. "ಅಂಗಡ್ಯಾಗ ರೊಕ್ಕದ ಗಲ್ಲಾದಾಗ ಎಲಿ ಅಡಿಕಿ ಇಡ್ತೀವಲ್ರಿ, ಹಂಗೇ ಇದ್ರಾಗೂ ಇಟ್ಟೆ."

ಬಾಯಿತುಂಬ ಬೈಯಬೇಕೆಂದು ಉಸಿರು ಎಳೆದುಕೊಂಡವಳು ನಕ್ಕುಬಿಟ್ಟೆ. ಆ ಮುದಿ ಯಂತ್ರಕ್ಕೆ ಇಡೀ ಶಾಲೆಯಲ್ಲಿ ಮರ್ಯಾದೆ ಕೊಟ್ಟವರು ಅವರೊಬ್ಬರೇ. ಎಲೆ ಅಡಿಕೆಯನ್ನು ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಕಿಟಕಿಯ ಮೇಲಿಟ್ಟರು. ನಾನು ಟ್ರೇ ತಳ್ಳಿದೆ. ದೊಡ್ಡ ಹಾಳೆ ಬಿಸಿಬಿಸಿಯಾಗಿ ಹೊರಬಂತು.

ಸೋಮವಾರ ಹುಡುಗಿಯ ಪರೀಕ್ಷಾ ಕೋಣೆಗೆ ನಾನೇ ಮೇಲ್ವಿಚಾರಕಿ. ಹುಡುಗಿ ಪತ್ರಿಕೆಯನ್ನು ಬೆಂಚಿನ ತುಂಬ ಹರವಿಕೊಂಡು, ಬಾಗಿ, ಸಾಲಿನ ಗುಂಟ ಮುಖ ಸರಿಸುತ್ತ ಓದಿದಳು. ಬೇಕೆಂದಲ್ಲಿ ನಿಂತಳು, ಬೇಕೆಂದಾಗ ಹಿಂದಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ಕೈ ಎತ್ತಿದಳು. ಏನೋ ಕಾಣುತ್ತಿಲ್ಲವೇನೋ ಎಂದು ಬೇಗ ಹತ್ತಿರ ಹೋದೆ.

ತ್ರಿಕೋನದ ಚಿತ್ರದ ಮೇಲೆ ಬೆರಳಿಟ್ಟು ಸಣ್ಣ ದನಿಯಲ್ಲಿ ಹೇಳಿದಳು: "ಒಳಗಿನ ಮೂರೂ ಕೋನ ಕೂಡಿಸಿದ್ರ ನೂರಾ ತೊಂಬತ್ತ ಆಗ್ತದ್ರಿ ಮೇಡಮ್. ಹಿಂಗ ತ್ರಿಕೋನ ಆಗಂಗಿಲ್ಲಲ್ರಿ?"

ನೋಡಿದೆ. ಐವತ್ತು, ಅರವತ್ತು, ಎಂಬತ್ತು. ಎಪ್ಪತ್ತು ಇರಬೇಕಾದಲ್ಲಿ ನಾನು ಎಂಬತ್ತು ಹಾಕಿದ್ದೆ. ಪ್ರಶ್ನೆ ಕೇಳಿದ್ದು ಅದೇ ಮೂಲೆಯ ಹೊರಕೋನವನ್ನು. ಸುತ್ತ ಒಂದು ಕಣ್ಣು ಹಾಯಿಸಿದರೆ ಒಬ್ಬರು ನೂರಾ ಎಂಬತ್ತರಿಂದ ಎಂಬತ್ತು ಕಳೆದು ನೂರು ಎಂದು ಬರೆದಿದ್ದರು, ಇನ್ನೊಬ್ಬರು ಐವತ್ತು ಅರವತ್ತು ಕೂಡಿಸಿ ನೂರಾ ಹತ್ತು. ಚಿತ್ರದಲ್ಲೇ ತಪ್ಪಿದೆಯೆಂದು ಯಾರಿಗೂ ಅನ್ನಿಸಿರಲಿಲ್ಲ. ಓದಿ ಹೇಳುವವರು ಇಷ್ಟು ವರ್ಷ ಅವಳಿಗೆ ‘ಇಲ್ಲೊಂದು ಚಿತ್ರ ಇದೆ’ ಎಂದು ಹೇಳಿ ಮುಂದೆ ಹೋಗುತ್ತಿದ್ದರು. ನನಗೆ ನಾಚಿಕೆಯಾಗಬೇಕಿತ್ತು, ಆದದ್ದು ಸಂತೋಷ. ಎಲ್ಲರಿಗೂ ತಿದ್ದುಪಡಿ ಹೇಳಿ, ಅವಳ ಹಾಳೆಯನ್ನು ತಿದ್ದಿಕೊಡಲು ಪೆನ್ನು ತೆಗೆದೆ.

"ಇರಲ್ರಿ, ನಾನೇ ತಿದ್ಕೋತೀನಿ" ಎಂದಳು. ಎಂಬತ್ತನ್ನು ಹೊಡೆದುಹಾಕಿ ಪಕ್ಕದಲ್ಲಿ ಎಪ್ಪತ್ತು ಬರೆದಳು, ನಾನು ಅಚ್ಚು ಹಾಕಿದ್ದಕ್ಕಿಂತ ದೊಡ್ಡದಾಗಿ.