ಕೊರಿ, ದಿಣ್ಣೆ ಮತ್ತು ನನ್ನ ಯಜಮಾನರು

ನನ್ನ ಯಜಮಾನರಿಗೆ ತಮ್ಮ ಊರಿನ ಹೆಸರು ಕೇಳಿದರೆ ಮೈಯೆಲ್ಲ ಉರಿ. ತುಮಕೂರು ಕಡೆಯ ಆ ಊರಿನ ಹೆಸರು ದಿಣ್ಣೆ. ಊರು ದಿಣ್ಣೆಯ ಮೇಲಿದೆ, ಅದಕ್ಕೇ ದಿಣ್ಣೆ. ನಮ್ಮ ಕಡೆ ಊರಿನ ಮೊದಲ ಅಕ್ಷರವನ್ನು ಇನಿಷಿಯಲ್ ಮಾಡಿಕೊಳ್ಳುವುದು ವಾಡಿಕೆ. ಬೆಂಗಳೂರಿನಲ್ಲಿದ್ದಷ್ಟು ಕಾಲ ಇವರ ಊರು ಆ ಒಂದಕ್ಷರದ ಹಿಂದೆ ತೆಪ್ಪಗೆ ಕೂತಿತ್ತು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಸಾಲದು, ಬಿಡಿಸಿ ಬರೆಯಿರಿ ಎಂದರು. ಬರೆದರು, ಅದೇ ಸರ್‌ನೇಮ್ ಆಯಿತು. ಕತಾರಿಗೆ ಬಂದಿಳಿದಾಗಿನಿಂದ ವೆಸ್ಟ್ ಬೇ ಕಡೆಯ ಆಫೀಸಿನಲ್ಲಿ ಇವರು ಮಿಸ್ಟರ್ ದಿನ್ನೆ. ನಾನು ಮಿಸೆಸ್ ದಿನ್ನೆ.

ಊರಿನ ಹೆಸರು ಎಂದು ಹೇಳಿಬಿಟ್ಟಿದ್ದರೆ ಮುಗಿದಿತ್ತು. ಇವರು ಆಫೀಸಿನಲ್ಲಿ, ಅದು ಪಾಳೆಯಗಾರರ ವಂಶದ ಬಿರುದು ಎಂದು ಬುರುಡೆ ಬಿಟ್ಟಿದ್ದರು. ಪಾಳೆಯಗಾರರಂತೆ! ಆ ಕಲ್ಲುನೆಲದಲ್ಲಿ ಹುರುಳಿ ಬೆಳೆದರೆ ಅದೇ ಹೆಚ್ಚು. ಇಲ್ಲಿ ಮೊದಲಿದ್ದ ಮನ್ಸೂರಾ ಬಡಾವಣೆಯ ಮನೆಯಲ್ಲಿ ಕೆಳಗಿನ ಹೋಟೆಲಿನ ಸಾಂಬಾರಿನ ವಾಸನೆ ಬರುತ್ತದೆಂದು ಗರಾಫಾ ಬಡಾವಣೆಗೆ ಬಂದವರು ಇವರು. ಇಲ್ಲಿಯೂ ಇರುವುದು ಹಲಗೆ ಗೋಡೆ ಹೊಡೆದು ಪಾಲು ಮಾಡಿದ ವಿಲ್ಲಾದ ಒಂದು ಮೂಲೆ. ಫೋನಿನಲ್ಲಿ ಮಾತ್ರ "ನಮ್ಮ ವಿಲ್ಲಾ".

ಈ ವರ್ಷ ಮಗಳ ಪಾಸ್‌ಪೋರ್ಟ್ ರಿನ್ಯೂ ಮಾಡಿಸುವ ಸಮಯ ಬಂತು.

"ಈ ಸಲ ಆ ದಿಣ್ಣೆ ಗಿಣ್ಣೆ ಎಲ್ಲ ತೆಗೆಸಿಬಿಡ್ತೀನಿ. ನನ್ನ ಹೆಸರೇ ಅವಳ ಸರ್‌ನೇಮ್ ಆಗ್ಲಿ, ಖಲಾಸ್," ಎಂದರು.

ಮಗಳಿಗೆ ಒಂಬತ್ತು ವರ್ಷ. ಅವಳ ಕನ್ನಡ ಅಷ್ಟಕ್ಕಷ್ಟೇ. ಆದರೆ ಸ್ಕೂಲಿನಲ್ಲಿ ಟೀಚರ್ "ದಿನ್ನೆ" ಎಂದರೆ ಎದ್ದು ನಿಂತು "ದಿಣ್ಣೆ, ಮಿಸ್" ಎಂದು ತಿದ್ದುತ್ತಾಳೆ. ಹಿಂದೊಂದು ರಜೆಯಲ್ಲಿ ಊರಿನ ಮಕ್ಕಳ ಜೊತೆ ತೆಂಗಿನ ಮಟ್ಟೆಯ ಮೇಲೆ ಕೂತು ಆ ದಿಣ್ಣೆಯಿಂದ ಕೆರೆಯ ಅಂಚಿನವರೆಗೆ ಜಾರಿದ್ದಳು. ಫ್ರಾಕು ಹರಿದು, ಮೊಣಕಾಲು ತರಚಿ, ಮತ್ತೆ ಹತ್ತಿ ಮತ್ತೆ ಜಾರಿದ್ದಳು. ಹೆಸರು ತೆಗೆಸುತ್ತಾರೆಂದು ಕೇಳಿ ಊಟ ಬಿಟ್ಟು ಅತ್ತಳು. ನಾನೂ ಹೇಳಿದೆ, ಊರಿನಿಂದ ಅತ್ತೆಯವರೂ ಫೋನಿನಲ್ಲಿ ಹೇಳಿದರು. ಹೆಂಗಸರ ಮಾತು, ಯಾರಿಗೆ ಬೇಕು?

ಅದೇ ವಾರ ಇವರು ತಮ್ಮ ಬಾಸನ್ನು ಶುಕ್ರವಾರದ ಊಟಕ್ಕೆ ಕರೆದರು. ಅವರು ಸ್ಕಾಟ್ಲೆಂಡಿನವರು, ನಿವೃತ್ತಿಯ ಹತ್ತಿರ ಬಂದವರು.

"ಮುದ್ದೆ ಗಿದ್ದೆ ಅಂತ ಮಾನ ಕಳೀಬೇಡ. ಪಾಸ್ತಾ ಮಾಡು," ಎಂದು ನನಗೆ ಅಪ್ಪಣೆಯಾಯಿತು. ಹುಟ್ಟಿದಾಗಿನಿಂದ ಪಾಸ್ತಾ ಮಾಡದ ನಾನು ಗಂಜಿಯಂಥದ್ದೇನನ್ನೋ ಮಾಡಿಟ್ಟೆ. ಪಾಪ, ಆ ಮನುಷ್ಯ ಹೊಗಳಿಕೊಂಡೇ ತಿಂದರು.

ತಿನ್ನುತ್ತಾ ಮಗಳನ್ನು ಕೇಳಿದರು, "ನೀನು ಪಾಳೆಯಗಾರರ ಮನೆಯ ಹುಡುಗಿಯಂತೆ, ಹೌದಾ?"

"ಇಲ್ಲ ಅಂಕಲ್. ದಿಣ್ಣೆ ಅಂದರೆ ಸಣ್ಣ ಗುಡ್ಡ. ಅಲ್ಲಿ ನಾವು ಜಾರ್ತೀವಿ," ಎಂದು ಅವಳು ಇಂಗ್ಲಿಷಿನಲ್ಲಿ ಪಟಪಟ ಹೇಳಿಬಿಟ್ಟಳು.

ಇವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ನನಗೆ ಆದ ಸಂತೋಷವನ್ನು ಮುಚ್ಚಿಡುವುದೇಕೆ?

ಬಾಸ್ ಫೋರ್ಕ್ ಕೆಳಗಿಟ್ಟು ನಕ್ಕರು. ತಾವು ಹುಟ್ಟಿದ್ದು ಒಂದು ದ್ವೀಪದ ಸಮುದ್ರದಂಚಿನ ಹಳ್ಳಿಯಲ್ಲಿ, ಅದರ ಹೆಸರು ಕೊರಿ ಎಂದರು. ಅವರ ಕಡೆ ಬೆಟ್ಟದ ಮಗ್ಗುಲಲ್ಲಿ ಹಿಂದೆಂದೋ ಹಿಮ ಕೊರೆದು ಮಾಡಿದ ಬಟ್ಟಲಿನಂಥ ತಗ್ಗಿಗೆ ಕೊರಿ ಎನ್ನುತ್ತಾರಂತೆ. ಊರಿಗೂ ಅದೇ ಹೆಸರು.

"ನಾನು ತಗ್ಗಿನವನು, ನೀನು ಎತ್ತರದವಳು. ಅದೃಷ್ಟವಂತೆ, ಹೆಸರಿನ ಜೊತೆಗೇ ಊರನ್ನು ಇಟ್ಟುಕೊಂಡಿದ್ದೀಯ," ಎಂದು ಮಗಳ ಕೈ ಕುಲುಕಿದರು.

ಅಷ್ಟೇ ಆದದ್ದು. ಕಾರು ಗೇಟು ದಾಟಿತ್ತೋ ಇಲ್ಲವೋ, ಇವರು ಸೋಫಾದ ಮೇಲೆ ಒರಗಿ, "ಏನೇ ಅನ್ನು, ರೂಟ್ಸ್ ಮರೀಬಾರ್ದು ನೋಡು. ಪಾಸ್‌ಪೋರ್ಟಲ್ಲಿ ದಿಣ್ಣೆ ಹಾಗೇ ಇರ್ಲಿ," ಎಂದರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮ ಹಿತ್ತಲ ಗಿಡ ಮದ್ದಾಗಬೇಕಾದರೆ ಸ್ಕಾಟ್ಲೆಂಡಿನಿಂದ ಒಬ್ಬರು ಬಂದು ಮೂಸಿ ನೋಡಬೇಕಾಯಿತು. ಹೆತ್ತ ತಾಯಿ ಹೇಳಿದಾಗ ಕಿವುಡಾಗಿದ್ದ ಕಿವಿ ಇದೇ. ಇಲ್ಲಿ ವಾರದ ಕೆಲಸ ಶುರುವಾಗುವುದೇ ಭಾನುವಾರ; ಅವತ್ತು ಆಫೀಸಿನಲ್ಲಿ ಕಂಡಕಂಡವರಿಗೆಲ್ಲ ದಿಣ್ಣೆಯ ವರ್ಣನೆಯಂತೆ. ಕನ್ನಡದವರ ಗೆಟ್‌ಟುಗೆದರಿನಲ್ಲಂತೂ ಆ ದಿಣ್ಣೆಯನ್ನು ತಾವೇ ಮಣ್ಣು ಹೊತ್ತು ಕಟ್ಟಿದವರ ಹಾಗೆ ಮಾತಾಡಿದರು. ಅಸಹ್ಯವೆನಿಸಿ ನಾನು ಎದ್ದು ಮಕ್ಕಳ ಪಂಕ್ತಿಗೆ ಬಡಿಸಲು ಹೋದೆ.

ಮಗಳು ಮಾತ್ರ ಅಪ್ಪನನ್ನು ನಂಬಿಬಿಟ್ಟಳು. ಬೇಸಿಗೆ ರಜೆ ಹತ್ತಿರವಾದಾಗ ಓಡಿಬಂದು, "ಅಪ್ಪಾ, ದಿಣ್ಣೆಗೆ ಹೋಗೋಣ್ವಾ?" ಎಂದಳು.

"ದಿಣ್ಣೇಲಿ ಏನಿದೆ ಮಣ್ಣು? ಜಾರ್ಜಿಯಾಗೆ ಟಿಕೆಟ್ ನೋಡ್ತಿದೀನಿ," ಎಂದರು ಇವರು, ಫೋನಿನಿಂದ ತಲೆ ಎತ್ತದೆ.

ಈ ಸಲ ಅವಳು ಅಳಲಿಲ್ಲ. ಅಪ್ಪನ ಎದುರಿಗೇ ನನ್ನನ್ನು ಕೇಳಿದಳು:

"ಅಮ್ಮಾ, ಆ ಕೊರಿ ಅಂಕಲ್ ಮತ್ತೆ ಯಾವಾಗ ಊಟಕ್ಕೆ ಬರ್ತಾರೆ? ಅವ್ರ ಕೈಲೇ ಹೇಳ್ಸೋಣ."